ಮೊದಲು ಕಡತ, ಆಮೇಲೆ ನಾಯಿ: ಗಂಭೀರ ಕಾಯಿಲೆಯ ನಾಯಿಗಳನ್ನು ದತ್ತು ಕೊಡುವ ಸೇವೆಯೊಂದರ ವಿಮರ್ಶೆ

ಆರೋಗ್ಯವಾಗಿರುವ ಮರಿಗಳನ್ನು ದತ್ತು ಕೊಡುವ ಸಂಸ್ಥೆಗಳು ಬೇಕಾದಷ್ಟಿವೆ. ಬೆನ್ನುಹುರಿಗೆ ಪೆಟ್ಟು ಬಿದ್ದ, ಸಕ್ಕರೆ ಕಾಯಿಲೆ ಇರುವ, ಫಿಟ್ಸ್ ಬರುವ, ಕಿಡ್ನಿ ಸೋತಿರುವ ನಾಯಿಗಳನ್ನೇ ಆರಿಸಿ ತೆಗೆದುಕೊಂಡು, ಅವುಗಳಿಗೆ ಚಿಕಿತ್ಸೆ ಕೊಡಿಸಿ, ಮನೆ ಹುಡುಕುವ ಸಂಸ್ಥೆಗಳು ಮಾತ್ರ ಬಹಳ ಕಡಿಮೆ. ಅಂಥ ಒಂದು ಸಂಸ್ಥೆಯಿಂದ ನಾವು ಸೊಂಟದ ಕೆಳಗೆ ಸ್ವಾಧೀನವಿಲ್ಲದ ಕೆಂಚಿ ಎಂಬ ಹೆಣ್ಣುನಾಯಿಯನ್ನು ದತ್ತು ತೆಗೆದುಕೊಂಡು ಈಗ ವರ್ಷ ದಾಟಿದೆ. ಸಂಸ್ಥೆಯ ಹೆಸರನ್ನು ಬೇಕೆಂದೇ ಬರೆದಿಲ್ಲ. ಇಲ್ಲಿ ಮೆಚ್ಚುಗೆಯ ಜೊತೆಗೆ ದೂರುಗಳೂ ಇವೆ, ಮತ್ತು ಆ ದೂರುಗಳು ಒಂದೇ ಸಂಸ್ಥೆಗೆ ಸಂಬಂಧಿಸಿದವಲ್ಲ, ಇಂಥ ಸೇವೆಗಳಲ್ಲಿ ಯಾರಿಗೂ ಎದುರಾಗಬಹುದಾದವು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಪೆಟ್ಟಾದ ನಾಯಿಯನ್ನು ಎತ್ತಿಕೊಂಡು ಬರುವುದು ಈ ಕೆಲಸದಲ್ಲಿ ಎಲ್ಲರ ಕಣ್ಣಿಗೂ ಬೀಳುವ ಭಾಗ, ಆದರೆ ಅದು ಸಣ್ಣ ಭಾಗ. ಸೇವೆಯ ಗುಣ ಗೊತ್ತಾಗುವುದು ಬೇರೆ ಎರಡು ಕಡೆ: ನಾವು ಸಹಿ ಹಾಕುವ ಮುಂಚೆ ಕಾಯಿಲೆಯ ಬಗ್ಗೆ ಎಷ್ಟು ನಿಜ ಹೇಳುತ್ತಾರೆ ಎಂಬಲ್ಲಿ, ಸಹಿ ಹಾಕಿದ ಮೇಲೆ ಎಷ್ಟು ಕಾಲ ನಮ್ಮ ಜೊತೆ ನಿಲ್ಲುತ್ತಾರೆ ಎಂಬಲ್ಲಿ. ಮೊದಲನೆಯದರಲ್ಲಿ ಈ ಸಂಸ್ಥೆಗೆ ಹತ್ತಿರಹತ್ತಿರ ಪೂರ್ತಿ ಅಂಕ ಕೊಡುತ್ತೇನೆ. ಎರಡನೆಯದರಲ್ಲಿ ಅಷ್ಟು ಧಾರಾಳವಾಗಿ ಕೊಡಲಾರೆ.

ಅರ್ಜಿ ಹಾಕಿದ ಮೇಲೆ ಬಂದ ಮೊದಲ ಕರೆಯಲ್ಲಿಯೇ ಅವರ ಧಾಟಿ ತಿಳಿಯಿತು. ನಮ್ಮ ಮನೆ ಸ್ವಂತದ್ದೋ ಬಾಡಿಗೆಯದ್ದೋ, ಅಂಗಳ ಎಷ್ಟು ದೊಡ್ಡದು, ಹಿಂದೆ ನಾಯಿ ಸಾಕಿದ್ದೀರಾ ಎಂಬ ಮಾಮೂಲಿ ಪ್ರಶ್ನೆಗಳನ್ನು ಅವರು ಬೇಗ ಮುಗಿಸಿದರು. ಹೆಚ್ಚು ಹೊತ್ತು ನಿಂತದ್ದು ಇನ್ನೊಂದು ಪ್ರಶ್ನೆಯ ಮೇಲೆ: "ನೀವು ಊರಿಗೆ ಹೋದರೆ ಇವಳಿಗೆ ಮೂತ್ರ ಮಾಡಿಸುವವರು ಯಾರು?" ನಾವು ಪಕ್ಕದ ಮನೆಯವರ ಹೆಸರು ಹೇಳಿದೆವು. "ಅವರೂ ತರಬೇತಿಗೆ ಬರಲಿ, ಅವರಿಗೂ ಕಲಿಸಿಕೊಡುತ್ತೇವೆ, ಆಮೇಲೆ ಮುಂದಿನ ಮಾತು" ಎಂದು ಕರೆ ಮಾಡಿದಾಕೆ ಖಚಿತವಾಗಿ ಹೇಳಿದರು. ಆಗ ನನಗೆ ಇದು ಅತಿಯಾಯಿತು ಎನಿಸಿತ್ತು. ಆದರೆ ಮೂತ್ರಕೋಶವನ್ನು ದಿನಕ್ಕೆ ಮೂರು ನಾಲ್ಕು ಸಲ ಕೈಯಿಂದ ಖಾಲಿ ಮಾಡಿಸಬೇಕಾದ ನಾಯಿಗೆ ಒಬ್ಬರೇ ಆಳು ಸಾಲುವುದಿಲ್ಲ. ಆ ಒಬ್ಬರಿಗೆ ಜ್ವರ ಬಂದರೂ ನಾಯಿಯ ಆರೋಗ್ಯ ಕೆಡುತ್ತದೆ. ಇದನ್ನು ಅರ್ಜಿಯ ಹಂತದಲ್ಲಿಯೇ ಕೇಳುವ ಸಂಸ್ಥೆಗೆ ತನ್ನ ಕೆಲಸ ಗೊತ್ತಿದೆ ಎಂದು ಧೈರ್ಯವಾಗಿ ಹೇಳಬಹುದು.

ಇನ್ನು ಕಡತದ ವಿಷಯ. ದತ್ತು ಕೊಡುವ ಪ್ರತಿ ನಾಯಿಗೂ ಇವರು ಒಂದು ಕಡತ ಮಾಡುತ್ತಾರೆ. ನಾಯಿಯನ್ನು ನೋಡಲು ಹೋಗುವ ಮುಂಚೆಯೇ ಅದನ್ನು ಓದಬೇಕು ಎಂಬುದು ಅವರ ನಿಯಮ. ಕೆಂಚಿಯ ಕಡತದಲ್ಲಿ ವಾಹನದ ಪೆಟ್ಟಿಗೆ ಬೆನ್ನುಮೂಳೆ ಎಲ್ಲಿ ಮುರಿದಿದೆ ಎಂಬ ಎಕ್ಸ್‌ರೇ ಇತ್ತು, ಶಸ್ತ್ರಚಿಕಿತ್ಸೆಯ ಟಿಪ್ಪಣಿ ಇತ್ತು, ತೂಕದ ದಾಖಲೆ ಇತ್ತು. ಇವೆಲ್ಲಕ್ಕಿಂತ ಮುಖ್ಯವಾಗಿ ಮೊದಲ ಪುಟದಲ್ಲಿಯೇ, ದಪ್ಪ ಅಕ್ಷರದಲ್ಲಿ, "ಎರಡೂ ಹಿಂಗಾಲುಗಳಲ್ಲಿ ಆಳದ ನೋವಿನ ಅರಿವು ಇಲ್ಲ, ಮತ್ತೆ ನಡೆಯುವ ನಿರೀಕ್ಷೆ ಇಟ್ಟುಕೊಳ್ಳಬೇಡಿ" ಎಂದು ಬರೆದಿತ್ತು. ಈ ಒಂದು ವಾಕ್ಯವನ್ನು ಬರೆಯಲು ಎಷ್ಟು ಸಂಸ್ಥೆಗಳು ಹಿಂಜರಿಯುತ್ತವೆ ಎಂಬುದು ದತ್ತು ಹುಡುಕಾಟದಲ್ಲಿ ತಿರುಗಾಡಿದವರಿಗೆ ಗೊತ್ತಿರುತ್ತದೆ.

ಆ ವಾಕ್ಯ ಏಕೆ ಅಷ್ಟು ದೊಡ್ಡದು ಎಂಬುದನ್ನು ಸ್ವಲ್ಪ ವಿವರಿಸಬೇಕು. ಬೆನ್ನುಹುರಿಗೆ ಪೆಟ್ಟಾದ ನಾಯಿಯ ಕಾಲ್ಬೆರಳಿನ ಮೂಳೆಯನ್ನು ಪಶುವೈದ್ಯರು ಚಿಮಟದಿಂದ ಬಲವಾಗಿ ಹಿಡಿದು ಒತ್ತಿ ನೋಡುತ್ತಾರೆ. ನಾಯಿ ತಿರುಗಿ ನೋಡಿದರೆ, ಕೂಗಿದರೆ, ಕಚ್ಚಲು ಬಂದರೆ ನೋವಿನ ಸುದ್ದಿ ಮೆದುಳಿಗೆ ತಲುಪುತ್ತಿದೆ ಎಂದು ಅರ್ಥ. ಸುಮ್ಮನೆ ಕಾಲನ್ನು ಹಿಂದಕ್ಕೆ ಎಳೆದುಕೊಂಡರೆ ಹಾಗೆ ಅರ್ಥವಲ್ಲ, ಏಕೆಂದರೆ ಆ ಎಳೆತ ಬೆನ್ನುಹುರಿಯ ಕೆಳಭಾಗದ ಮಟ್ಟದಲ್ಲಿಯೇ ನಡೆದುಹೋಗುವ ಪ್ರತಿವರ್ತನೆ. ಮೆದುಳಿಗೆ ಅದರ ಸುಳಿವೇ ಇರುವುದಿಲ್ಲ. ಪ್ರೀತಿಯಿಂದ ನೋಡುವ ಸ್ವಯಂಸೇವಕರು ಈ ಎಳೆತವನ್ನು ಕಂಡು "ಕಾಲು ಆಡಿಸುತ್ತಿದೆ, ಇನ್ನು ನಡೆದೇ ನಡೆಯುತ್ತದೆ" ಎಂದು ಹೇಳಿಬಿಡುತ್ತಾರೆ, ಮನೆಯವರು ನಂಬಿಬಿಡುತ್ತಾರೆ. ಬೆನ್ನಿನ ಡಿಸ್ಕ್ ಜಾರಿ ಸ್ವಾಧೀನ ಹೋದ ನಾಯಿಗಳಲ್ಲಿ ನೋವಿನ ಅರಿವು ಹೋಗಿದ್ದರೂ, ಬೇಗ ಶಸ್ತ್ರಚಿಕಿತ್ಸೆ ಮಾಡಿದರೆ ಸುಮಾರು ಅರ್ಧದಷ್ಟು ಮತ್ತೆ ನಡೆಯುತ್ತವೆ. ಮೂಳೆಯೇ ಮುರಿದು ಸರಿದ ಪ್ರಕರಣಗಳಲ್ಲಿ ನೋವಿನ ಅರಿವು ಇಲ್ಲದಿದ್ದರೆ ಆ ಆಸೆ ತೀರಾ ಕಡಿಮೆ. ಎರಡನ್ನೂ ಹೊರಗಿನಿಂದ ನೋಡಿದರೆ ಒಂದೇ ಬಗೆಯ ನಾಯಿ, ಒಂದೇ ಬಗೆಯ ಕಾಲು ಎಳೆಯುವಿಕೆ. ಯಾವುದು ಯಾವುದೆಂದು ಬರೆದು ಕೊಡದ ಸಂಸ್ಥೆ ದತ್ತು ಪಡೆಯುವವರಿಗೆ ಸುಳ್ಳು ಆಸೆಯನ್ನು ಕೊಟ್ಟು ಕಳುಹಿಸುತ್ತದೆ, ಆ ಆಸೆ ಕೆಲವು ತಿಂಗಳಲ್ಲಿ ಬತ್ತಿದಾಗ ನಾಯಿ ವಾಪಸು ಬರುತ್ತದೆ.

ಕಡತದಲ್ಲಿ ಇನ್ನೂ ಒಂದು ಸಣ್ಣ ಟಿಪ್ಪಣಿ ಇತ್ತು: "ಒಬ್ಬಳೇ ಇದ್ದಾಗ ಎಡಗಾಲಿನ ಬೆರಳನ್ನು ಕಡಿದುಕೊಳ್ಳುತ್ತಾಳೆ, ಕಾಲಿಗೆ ಬಟ್ಟೆ ಸುತ್ತಿ." ಸ್ಪರ್ಶಜ್ಞಾನವಿಲ್ಲದ ಕಾಲನ್ನು ಕೆಲವು ನಾಯಿಗಳು ತಮ್ಮದಲ್ಲವೇನೋ ಎಂಬಂತೆ ಕಡಿಯುತ್ತವೆ, ರಕ್ತ ಬರುವವರೆಗೂ ನಿಲ್ಲಿಸುವುದಿಲ್ಲ. ಇದನ್ನು ಬರೆದಿಟ್ಟವರು ಆ ನಾಯಿಯನ್ನು ನಿಜವಾಗಿ ಗಮನಿಸಿದವರು.

ತರಬೇತಿಯ ಬಗ್ಗೆ ನನ್ನದು ತಕರಾರಿಲ್ಲದ ಮೆಚ್ಚುಗೆ. ನೋಡಿ ಕಲಿಯಿರಿ ಎಂದು ವಿಡಿಯೊ ಕೊಟ್ಟು ಕೈತೊಳೆದುಕೊಳ್ಳದೆ, ನಮ್ಮ ಕೈಯನ್ನು ನಾಯಿಯ ಹೊಟ್ಟೆಯ ಮೇಲೆ ಇಡಿಸಿ ಕಲಿಸುತ್ತಾರೆ. ನಾಯಿಯನ್ನು ನಿಲ್ಲಿಸಿ, ಹಿಂಗಾಲಿನ ಮುಂದೆ, ಹೊಟ್ಟೆಯ ಎರಡೂ ಬದಿಗೆ ಚಾಚಿದ ಬೆರಳುಗಳನ್ನು ಇಟ್ಟು ನಿಧಾನವಾಗಿ ಹುಡುಕಿದರೆ ತುಂಬಿದ ಮೂತ್ರಕೋಶ ನೀರು ತುಂಬಿದ ಬಲೂನಿನಂತೆ ಕೈಗೆ ಸಿಗುತ್ತದೆ. ಸಿಕ್ಕ ಮೇಲೆ ಬೆರಳ ತುದಿಯಿಂದ ಚುಚ್ಚದೆ, ಇಡೀ ಅಂಗೈಯಿಂದ, ಒಂದೇ ಸಮನೆ, ಬಾಲದ ಕಡೆಗೆ ಒತ್ತಬೇಕು. ಮೊದಲು ಹನಿ, ಆಮೇಲೆ ಧಾರೆ, ಕೊನೆಗೆ ಮತ್ತೆ ಹನಿ; ಕೊನೆಯ ಹನಿಯ ನಂತರ ಕೈ ಸಡಿಲಿಸಿ ಇನ್ನೊಮ್ಮೆ ಹುಡುಕಿ ನೋಡಬೇಕು. ಬೆನ್ನಿನ ಮೇಲ್ಭಾಗದಲ್ಲಿ ಪೆಟ್ಟಾದ ನಾಯಿಗಳಲ್ಲಿ ಮೂತ್ರದ್ವಾರದ ಸ್ನಾಯು ಬಿಗಿಯಾಗಿಯೇ ಇರುತ್ತದೆ, ಅವುಗಳಿಗೆ ಅದನ್ನು ಸಡಿಲಿಸುವ ಪ್ರಾಜೋಸಿನ್‌ನಂಥ ಮಾತ್ರೆ ಬೇಕಾಗುತ್ತದೆ, ಅದಿಲ್ಲದೆ ಬಲ ಹಾಕಿ ಒತ್ತಿದರೆ ಮೂತ್ರಕೋಶವೇ ಒಡೆಯಬಹುದು. ಸೊಂಟದ ಕೆಳಭಾಗದಲ್ಲಿ ಪೆಟ್ಟಾದವುಗಳಲ್ಲಿ ಸ್ನಾಯು ಸಡಿಲವಾಗಿದ್ದು ಸದಾ ಸೋರುತ್ತಿರುತ್ತದೆ. ಸೋರುವುದನ್ನು ಕಂಡು "ತಾನೇ ಮಾಡುತ್ತಿದೆ" ಎಂದುಕೊಳ್ಳಬಾರದು ಎಂದು ತರಬೇತಿ ಕೊಟ್ಟವರು ಮತ್ತೆ ಮತ್ತೆ ಹೇಳಿದರು. ತುಂಬಿ ಉಕ್ಕುವ ಕೊಡವೂ ಖಾಲಿಯಾದಂತಲ್ಲವಲ್ಲ.

ನಾನು ಗಮನಿಸಿದ ಇನ್ನೊಂದು ಒಳ್ಳೆಯ ಅಂಶವೆಂದರೆ ಅವರು ಬೇಡದ ಸಾಮಾನಿನ ಪಟ್ಟಿಯನ್ನೂ ಕೊಡುತ್ತಾರೆ. ಮೂತ್ರ ತಾಗಿ ತೊಡೆಸಂದಿನ ಚರ್ಮ ಕೆಂಪಾದಾಗ ಮನೆಯಲ್ಲಿರುವ ಮಕ್ಕಳ ಡಯಾಪರ್ ಕ್ರೀಮನ್ನು ಹಚ್ಚುವುದು ಎಲ್ಲರಿಗೂ ತೋಚುವ ಉಪಾಯ; ಅಂಥ ಹಲವು ಕ್ರೀಮುಗಳಲ್ಲಿ ಜಿಂಕ್ ಆಕ್ಸೈಡ್ ಇರುತ್ತದೆ, ನಾಯಿ ಅದನ್ನು ನೆಕ್ಕಿ ಹೊಟ್ಟೆಗೆ ಹಾಕಿಕೊಂಡರೆ ವಿಷವಾಗುತ್ತದೆ. ನೋವಿಗೆಂದು ಮನುಷ್ಯರ ಐಬುಪ್ರೊಫೆನ್ ಕೊಡುವುದೂ ಅದೇ ಪಟ್ಟಿಯಲ್ಲಿತ್ತು.

ಇಷ್ಟೆಲ್ಲ ಅಚ್ಚುಕಟ್ಟಾಗಿ ಮಾಡುವವರು ಒಂದು ಮುಖ್ಯವಾದ ಕಾಗದವನ್ನು ಕಡತಕ್ಕೆ ಸೇರಿಸಿರಲಿಲ್ಲ, ಇದು ನನ್ನ ಮೊದಲ ದೂರು. ಸ್ವಾಧೀನವಿಲ್ಲದ ನಾಯಿಗಳಿಗೆ ಮೂತ್ರದ ಸೋಂಕು ಪದೇ ಪದೇ ಬರುತ್ತದೆ, ಹೆಣ್ಣುನಾಯಿಗಳಿಗೆ ಇನ್ನೂ ಹೆಚ್ಚು. ಸಾಮಾನ್ಯ ನಾಯಿಯಾದರೆ ಮತ್ತೆ ಮತ್ತೆ ಕೂತು ಮುಕ್ಕಿರಿದು ತನ್ನ ತೊಂದರೆಯನ್ನು ತೋರಿಸುತ್ತದೆ. ಸ್ಪರ್ಶಜ್ಞಾನವಿಲ್ಲದ ನಾಯಿ ಏನನ್ನೂ ತೋರಿಸುವುದಿಲ್ಲ, ಮೂತ್ರದ ವಾಸನೆ, ಬಣ್ಣ, ಕದಡುವಿಕೆಯಿಂದ ನಾವೇ ತಿಳಿಯಬೇಕು. ಕೆಂಚಿ ಮನೆಗೆ ಬಂದ ಸ್ವಲ್ಪ ದಿನಕ್ಕೆ ಮೂತ್ರದ ವಾಸನೆ ಬದಲಾಯಿತು. ಪಶುವೈದ್ಯರು ಮೊದಲು ಕೇಳಿದ್ದು, ಹಿಂದಿನ ಸೋಂಕಿನಲ್ಲಿ ಯಾವ ಸೂಕ್ಷ್ಮಾಣು ಸಿಕ್ಕಿತ್ತು, ಅದು ಯಾವ ಔಷಧಿಗೆ ಬಗ್ಗಿತ್ತು ಎಂದು. ಕಡತದಲ್ಲಿ ಕೊಟ್ಟ ಆ್ಯಂಟಿಬಯಾಟಿಕ್‌ಗಳ ಹೆಸರುಗಳಿದ್ದವೇ ಹೊರತು, ಮೂತ್ರದಲ್ಲಿನ ಸೂಕ್ಷ್ಮಾಣುವನ್ನು ಬೆಳೆಸಿ ಗುರುತಿಸುವ ಕಲ್ಚರ್ ಪರೀಕ್ಷೆಯ ವರದಿ ಇರಲಿಲ್ಲ. ಸಂಸ್ಥೆಗೆ ಫೋನು ಮಾಡಿದರೆ ಒಬ್ಬರು ಇನ್ನೊಬ್ಬರನ್ನು ಕೇಳಿ ಎಂದರು, ಅವರು ಆಸ್ಪತ್ರೆಯನ್ನು ಕೇಳಿ ಎಂದರು. ವರದಿ ಬಂದೇ ಬಂತು, ಆದರೆ ಅಷ್ಟರಲ್ಲಿ ವೈದ್ಯರು ಹೊಸದಾಗಿ ಮಾದರಿ ಕಳುಹಿಸಿ ಅಂದಾಜಿನ ಮೇಲೆ ಔಷಧಿ ಶುರು ಮಾಡಿಯಾಗಿತ್ತು. ಹಲವು ಸಲ ಆ್ಯಂಟಿಬಯಾಟಿಕ್ ತೆಗೆದುಕೊಂಡ ನಾಯಿಗೆ ಅಂದಾಜಿನ ಔಷಧಿ ಕೊಡುವುದೆಂದರೆ, ಅದು ಹಿಡಿಯದೆ ಹೋದರೆ ದಿನಗಳೂ ಹೋದವು, ಔಷಧಿಗೆ ಬಗ್ಗದ ಸೂಕ್ಷ್ಮಾಣುಗಳೂ ಬೆಳೆದವು. ಎಕ್ಸ್‌ರೇ ಜೋಡಿಸಿದವರು ಕಲ್ಚರ್ ವರದಿಯನ್ನು ಜೋಡಿಸಲಾರರೇ? ದೂರು ಕೊಟ್ಟ ಮೇಲೆ ಆ ವರದಿಗಳನ್ನೂ ಕಡತಕ್ಕೆ ಸೇರಿಸುವುದಾಗಿ ಹೇಳಿದ್ದಾರೆ. ನಮ್ಮ ನಂತರ ದತ್ತು ಪಡೆದ ಪರಿಚಯದವರ ಕಡತದಲ್ಲಿ ಅದು ಇತ್ತು ಎಂಬುದನ್ನೂ ಇಲ್ಲಿ ಹೇಳುವುದು ನ್ಯಾಯ.

ಎರಡನೆಯ ದೂರು ಗಾಲಿಬಂಡಿಯದ್ದು. ನಾಯಿಯ ಜೊತೆಗೆ ಹಿಂಗಾಲಿನ ವೀಲ್‌ಚೇರ್ ಒಂದನ್ನು ಸಂಸ್ಥೆಯೇ ಕೊಡುತ್ತದೆ, ಇದು ದೊಡ್ಡ ಉಪಕಾರವೇ ಸರಿ. ಆದರೆ ಕೆಂಚಿಗೆ ಕೊಟ್ಟ ಬಂಡಿ ಅವಳಿಗಾಗಿ ಅಳತೆ ಮಾಡಿದ್ದಲ್ಲ, ಅವಳಷ್ಟೇ ತೂಕವಿದ್ದ ಇನ್ನೊಂದು ನಾಯಿಯದ್ದು. ತೂಕ ಒಂದೇ ಇದ್ದರೆ ಸಾಲದು. ಬೆನ್ನಿನ ಉದ್ದ, ನೆಲದಿಂದ ಸೊಂಟದ ಎತ್ತರ, ಎದೆಯ ಅಗಲ ಎಲ್ಲವೂ ಹೊಂದಬೇಕು, ಮತ್ತು ಅಳತೆಯನ್ನು ನಾಯಿಯನ್ನು ಮಲಗಿಸಿ ತೆಗೆಯದೆ, ಹಿಂಭಾಗವನ್ನು ಸಹಜ ಎತ್ತರಕ್ಕೆ ಎತ್ತಿಹಿಡಿದು ನಿಲ್ಲಿಸಿ ತೆಗೆಯಬೇಕು. ಬಂಡಿ ಎತ್ತರವಾದರೆ ಭಾರವೆಲ್ಲ ಮುಂಗಾಲಿನ ಭುಜದ ಮೇಲೆ ಬೀಳುತ್ತದೆ, ತಗ್ಗಾದರೆ ಬೆನ್ನು ಬಾಗುತ್ತದೆ. ಕೆಂಚಿಯ ಬಂಡಿ ಎತ್ತರವಾಗಿತ್ತು, ತೊಡೆಸಂದಿಯ ಪಟ್ಟಿ ಬಿಗಿಯಾಗಿತ್ತು, ಅಲ್ಲಿ ಚರ್ಮ ಕಿತ್ತು ಬಂದದ್ದು ಅವಳಿಗೆ ಗೊತ್ತಾಗಲೇ ಇಲ್ಲ. ಬಂಡಿಯಿಂದ ಇಳಿಸಿದಾಗಲೆಲ್ಲ ತೊಡೆಸಂದು, ಸೊಂಟದ ಮೂಳೆ, ಕಾಲಿನ ಗಿಣ್ಣುಗಳನ್ನು ನೋಡಿ ಎಂದು ತರಬೇತಿಯಲ್ಲಿ ಹೇಳಿದ್ದರಿಂದ ನಮಗೆ ಬೇಗ ಕಂಡಿತು. ಅದೇ ತರಬೇತಿ ಕೊಟ್ಟವರು ಅದೇ ಬಂಡಿಯನ್ನು ಒಮ್ಮೆ ಹಾಕಿ ನೋಡಿದ್ದರೆ ಈ ಹುಣ್ಣು ಆಗುತ್ತಿರಲಿಲ್ಲ. ಪಟ್ಟಿಗೆ ಮೆತ್ತೆ ಸುತ್ತಿ, ಚಕ್ರದ ಕೊಳವೆಯನ್ನು ತಗ್ಗಿಸಿಕೊಂಡ ಮೇಲೆ ಈಗ ಬಂಡಿ ಸರಿಯಾಗಿದೆ. ಮೊದಲ ವಾರಗಳಲ್ಲಿ ಹತ್ತು ಹದಿನೈದು ನಿಮಿಷಕ್ಕಿಂತ ಹೆಚ್ಚು ಹಾಕಬೇಡಿ, ಬಂಡಿಯಲ್ಲಿರುವಾಗ ಒಬ್ಬಳನ್ನೇ ಬಿಡಬೇಡಿ ಎಂಬ ಸೂಚನೆ ಸರಿಯಾದದ್ದು: ಬಂಡಿ ಹಾಕಿಕೊಂಡ ನಾಯಿ ದಣಿದರೂ ಮಲಗಲಾರದು, ಮಗುಚಿದರೆ ತಾನಾಗಿ ಏಳಲಾರದು.

ಸಂಸ್ಥೆಯಲ್ಲಿ ಕೆಂಚಿಯಂಥ ನಾಯಿಗಳಷ್ಟೇ ಇಲ್ಲ. ತರಬೇತಿಯ ದಿನಗಳಲ್ಲಿ ಇತರರು ಕಲಿಯುತ್ತಿದ್ದುದನ್ನೂ ನೋಡುವ ಅವಕಾಶ ಸಿಕ್ಕಿದ್ದರಿಂದ ಬೇರೆ ಕಾಯಿಲೆಗಳಲ್ಲಿ ಇವರ ಕೆಲಸ ಹೇಗಿದೆ ಎಂದು ಸ್ವಲ್ಪ ಹೇಳಬಲ್ಲೆ. ಸಕ್ಕರೆ ಕಾಯಿಲೆಯ ನಾಯಿಯೊಂದನ್ನು ಒಯ್ಯಲು ಬಂದಿದ್ದ ದಂಪತಿಗೆ ಇನ್ಸುಲಿನ್ ಬಾಟಲಿಯ ಪೆಟ್ಟಿಗೆಗೆ ಸಿರಿಂಜುಗಳನ್ನು ಟೇಪಿನಿಂದ ಅಂಟಿಸಿಯೇ ಕೊಟ್ಟರು. ಕಾರಣ ಸರಳ, ಆದರೆ ಪ್ರಾಣಕ್ಕೆ ಸಂಬಂಧಿಸಿದ್ದು. ಪ್ರಾಣಿಗಳಿಗೆಂದೇ ತಯಾರಾಗುವ ಕ್ಯಾನಿನ್ಸುಲಿನ್‌ನಂಥ ಇನ್ಸುಲಿನ್‌ನಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟ್ ಇರುತ್ತದೆ, ಮನುಷ್ಯರ ಇನ್ಸುಲಿನ್‌ನಲ್ಲಿ 40 ಇಲ್ಲವೇ 100. ಸಿರಿಂಜುಗಳ ಗೆರೆಗಳೂ ಹಾಗೆಯೇ ಬೇರೆ ಬೇರೆ. 100ರ ಇನ್ಸುಲಿನ್‌ಗೆ 40ರ ಸಿರಿಂಜು ಹಿಡಿದರೆ ಎರಡೂವರೆ ಪಟ್ಟು ಔಷಧಿ ಹೋಗಿ ಸಕ್ಕರೆ ಅಂಶ ಕುಸಿಯುತ್ತದೆ. 40ರದ್ದಕ್ಕೆ 100ರ ಸಿರಿಂಜು ಹಿಡಿದರೆ ಬೇಕಾದ್ದರ ಅರ್ಧವೂ ಹೋಗುವುದಿಲ್ಲ. ಹನ್ನೆರಡು ಗಂಟೆಗೊಮ್ಮೆ, ಊಟದ ಜೊತೆಗೆ, ನಾಯಿ ಉಣ್ಣದಿದ್ದರೆ ಪೂರ್ತಿ ಡೋಸ್ ಕೊಡದೆ ಫೋನು ಮಾಡಿ ಎಂದು ಪೆಟ್ಟಿಗೆಯ ಮೇಲೆಯೇ ಬರೆದಿದ್ದರು. ಸಕ್ಕರೆ ಕಾಯಿಲೆಯ ನಾಯಿಗಳಲ್ಲಿ ಹೆಚ್ಚಿನವಕ್ಕೆ ಕಾಲಕ್ರಮದಲ್ಲಿ ಕಣ್ಣಿನ ಪೊರೆ ಬಂದು ದೃಷ್ಟಿ ಹೋಗುತ್ತದೆ ಎಂಬುದನ್ನೂ ಮುಚ್ಚಿಡಲಿಲ್ಲ. ಹೆಣ್ಣುನಾಯಿಯಾದರೆ ಸಂತಾನಹರಣ ಶಸ್ತ್ರಚಿಕಿತ್ಸೆ ಮುಗಿಸಿಯೇ ಕೊಡುತ್ತಾರೆ, ಏಕೆಂದರೆ ಬೆದೆಯ ನಂತರ ಏರುವ ಹಾರ್ಮೋನು ಇನ್ಸುಲಿನ್‌ನ ಕೆಲಸವನ್ನು ಕೆಡಿಸುತ್ತದೆ.

ಫಿಟ್ಸ್ ಬರುವ ನಾಯಿಗಳ ವಿಷಯದಲ್ಲಿ ಪ್ರತಿ ಸಲದ ದಿನಾಂಕ, ಹೊತ್ತು, ಎಷ್ಟು ನಿಮಿಷ ಎಂಬುದನ್ನು ಬರೆದ ಪುಸ್ತಕ ಜೊತೆಗೆ ಬರುತ್ತದೆ. ಐದು ನಿಮಿಷ ಮೀರಿದರೆ, ಇಲ್ಲವೇ ಒಂದೇ ದಿನದಲ್ಲಿ ಎರಡು ಮೂರು ಸಲ ಬಂದರೆ ಕಾಯದೆ ಆಸ್ಪತ್ರೆಗೆ ಹೊರಡಬೇಕು, ಫಿಟ್ಸ್ ತಡೆಯುವ ಫಿನೋಬಾರ್ಬಿಟಾಲ್ ಮಾತ್ರೆಯನ್ನು ಒಮ್ಮೆಗೇ ನಿಲ್ಲಿಸಬಾರದು ಎಂಬ ಎರಡು ಮಾತುಗಳನ್ನು ಮನೆಯವರ ಬಾಯಲ್ಲಿ ಹೇಳಿಸಿಯೇ ಬಿಡುತ್ತಾರೆ. ಡಿಸ್ಟೆಂಪರ್ ಎಂಬ ವೈರಾಣು ಕಾಯಿಲೆಯಿಂದ ಬದುಕುಳಿದು ತಲೆಯೋ ಕಾಲೋ ಸದಾ ಅದುರುತ್ತಿರುವ ನಾಯಿಗಳೂ ಇವರಲ್ಲಿವೆ. ಆ ಅದುರುವಿಕೆ ನಿದ್ದೆಯಲ್ಲೂ ನಿಲ್ಲದೆ ಇರಬಹುದು, ಬಹಳ ನಾಯಿಗಳಲ್ಲಿ ಜೀವನಪೂರ್ತಿ ಉಳಿಯುತ್ತದೆ. ನೋಡುವವರಿಗೆ ಸಂಕಟವಾಗುವಷ್ಟು ನಾಯಿಗೆ ಆಗುವಂತೆ ಕಾಣುವುದಿಲ್ಲ. ವೈರಾಣು ತಿಂಗಳುಗಟ್ಟಲೆ ದೇಹದಿಂದ ಹೊರಬೀಳುತ್ತಿರಬಹುದಾದ್ದರಿಂದ, ಲಸಿಕೆ ಪೂರ್ತಿಯಾಗದ ಮರಿಗಳಿರುವ ಮನೆಗೆ ಇವನ್ನು ಕೊಡುವುದಿಲ್ಲ. ಹೃದಯದ ಹುಳುವಿಗೆ ಚಿಕಿತ್ಸೆ ಪಡೆಯುತ್ತಿರುವ ನಾಯಿಗಳ ವಿಷಯದಲ್ಲೂ ಇದೇ ಬಿಗಿ. ಸೊಳ್ಳೆಯಿಂದ ಹರಡುವ ಈ ಹುಳುಗಳು ಮೆಲಾರ್ಸೊಮಿನ್ ಚುಚ್ಚುಮದ್ದಿನಿಂದ ಸತ್ತ ಮೇಲೆ ಅವುಗಳ ಚೂರುಗಳು ಶ್ವಾಸಕೋಶದ ರಕ್ತನಾಳಗಳಿಗೆ ಸೇರುತ್ತವೆ. ಆ ಅವಧಿಯಲ್ಲಿ ನಾಯಿ ಓಡಿದರೆ, ಜಿಗಿದರೆ ಪ್ರಾಣಕ್ಕೇ ಅಪಾಯ. ಹಾಗಾಗಿ ಚಿಕಿತ್ಸೆ ಮುಗಿಯುವವರೆಗೆ ಅನುಭವವಿರುವ ತಾತ್ಕಾಲಿಕ ಮನೆಗಳಲ್ಲಿ ಇಟ್ಟು, ಗುಣವಾದ ಮೇಲಷ್ಟೇ ದತ್ತು ಕೊಡುತ್ತಾರೆ.

ಪ್ರಚಾರದ ವಿಡಿಯೊಗಳಲ್ಲಿ ಮಾತ್ರ ಈ ಎಚ್ಚರವೆಲ್ಲ ಮಾಯವಾಗುತ್ತದೆ. ಕಡತ ಬರೆಯುವವರು ಬೇರೆ, ವಿಡಿಯೊ ಮಾಡುವವರು ಬೇರೆ ಎಂಬುದು ನೋಡಿದ ಕೂಡಲೇ ತಿಳಿಯುತ್ತದೆ. ಮುರಿದ ಬೆನ್ನಿನ ನಾಯಿ, ಅಳುವ ಸಂಗೀತ, ಆಮೇಲೆ ಬಂಡಿಯಲ್ಲಿ ಓಡುವ ಅದೇ ನಾಯಿ, ನಡುವೆ ಏನೂ ಇಲ್ಲ. ರಾತ್ರಿ ಮಲಗುವ ಮುಂಚಿನ ಮೂತ್ರ ಮಾಡಿಸುವಿಕೆಯಿಲ್ಲ, ದಿನಾ ಒಗೆಯುವ ಹಾಸುಗಳಿಲ್ಲ, ಹುಣ್ಣುಗಳಿಲ್ಲ. ದೇಣಿಗೆ ಬರುವುದು ಇಂಥ ವಿಡಿಯೊಗಳಿಂದಲೇ ಎಂಬುದು ನನಗೂ ಗೊತ್ತು, ಆ ದೇಣಿಗೆಯಿಂದಲೇ ಕೆಂಚಿಯ ಶಸ್ತ್ರಚಿಕಿತ್ಸೆಯೂ ಆಗಿರಬಹುದು. ಆದರೂ ಅದನ್ನು ನೋಡಿ ಅರ್ಜಿ ಹಾಕುವವರಲ್ಲಿ ಎಷ್ಟು ಮಂದಿ ಕಡತ ಓದಿದ ಮೇಲೆ ಹಿಂದೆ ಸರಿಯುತ್ತಾರೆ ಎಂದು ಕೇಳಿದಾಗ ತರಬೇತಿ ಕೊಡುವವರು ನಕ್ಕು, "ಸರಿಯಲಿ ಬಿಡಿ, ಈಗಲೇ ಸರಿಯಲಿ" ಎಂದರು. ಆ ಉತ್ತರ ನನಗೆ ಹಿಡಿಸಿತು. ವಿಡಿಯೊ ಮಾಡುವವರೂ ಅದನ್ನೊಮ್ಮೆ ಕೇಳಿಸಿಕೊಳ್ಳಬೇಕು.

ದತ್ತು ನಂತರದ ಬೆಂಬಲ ಮೊದಲ ತಿಂಗಳುಗಳಲ್ಲಿ ಚೆನ್ನಾಗಿತ್ತು. ತಾವಾಗಿ ಕರೆ ಮಾಡಿ, ಮೂತ್ರದ ಬಣ್ಣ ಹೇಗಿದೆ, ಮಲ ಸರಿಯಾಗಿದೆಯೇ, ತೂಕ ಏರಿದೆಯೇ ಎಂದು ವಿಚಾರಿಸುತ್ತಿದ್ದರು. ತೂಕದ ಪ್ರಶ್ನೆ ಸುಮ್ಮನೆ ಕೇಳುವುದಲ್ಲ. ಮುಂಗಾಲುಗಳಿಂದಲೇ ಇಡೀ ದೇಹವನ್ನು ಎಳೆಯುವ ನಾಯಿಗೆ ಹೆಚ್ಚುವರಿ ಭಾರವೆಲ್ಲ ಭುಜದ ಕೀಲುಗಳಿಗೆ ಹೋಗುತ್ತದೆ. ಕಾಲ ಕಳೆದಂತೆ ಕರೆಗಳು ಕಡಿಮೆಯಾಗುವುದು ಸಹಜ. ಸಮಸ್ಯೆ ಏನೆಂದರೆ, ನಾವು ಕರೆ ಮಾಡಿದಾಗ ಎತ್ತುವವರು ಯಾರು ಎಂಬುದು ಅಂದಿನ ಸ್ವಯಂಸೇವಕರ ಮೇಲೆ ಹೋಗುತ್ತದೆ. ಕೆಲವರಿಗೆ ಎಲ್ಲವೂ ಗೊತ್ತು. ಕೆಲವರು "ಡಾಕ್ಟರಿಗೆ ತೋರಿಸಿ" ಎಂಬಲ್ಲಿಗೆ ಮಾತು ಮುಗಿಸುತ್ತಾರೆ. ರಜಾ ದಿನಗಳಲ್ಲಿ ಫೋನು ಎತ್ತುವವರೇ ಇರುವುದಿಲ್ಲ. ಮೂತ್ರಕೋಶಕ್ಕೆ ರಜಾ ದಿನ ಗೊತ್ತಿಲ್ಲವಾದ್ದರಿಂದ, ಇಂಥ ನಾಯಿಗಳನ್ನೇ ಕೊಡುವ ಸಂಸ್ಥೆ ರಜೆಯ ದಿನಕ್ಕೂ ಒಬ್ಬ ಅನುಭವಿಯನ್ನು ಫೋನಿನ ಬಳಿ ಇಡಲೇಬೇಕು. ಹಳೆಯ ದತ್ತು ಮನೆಗಳವರು ಸೇರಿ ಮಾಡಿಕೊಂಡ ಗುಂಪೊಂದಿದೆ, ಸದ್ಯಕ್ಕೆ ಆ ಕೊರತೆಯನ್ನು ತುಂಬುತ್ತಿರುವುದು ಅದು. ಸೋರುವ ನಾಯಿಗೆ ಯಾವ ಅಳತೆಯ ಡಯಾಪರ್, ಅದರಲ್ಲಿ ಬಾಲಕ್ಕೆ ತೂತು ಎಲ್ಲಿ ಕತ್ತರಿಸಬೇಕು, ಒರಟು ನೆಲದಲ್ಲಿ ಕಾಲು ಉಜ್ಜದಂತೆ ಎಳೆಯುವ ಚೀಲವನ್ನು ಹೇಗೆ ಹೊಲಿಯಬೇಕು ಎಂಬಂಥವನ್ನು ನಾನು ಕಲಿತದ್ದು ಅಲ್ಲಿಯೇ.

ಖರ್ಚಿನ ಬಗ್ಗೆ ಒಪ್ಪಂದ ಪತ್ರದಲ್ಲಿರುವ ವ್ಯವಸ್ಥೆ ಸ್ಪಷ್ಟವಾಗಿದೆ. ದತ್ತು ಕೊಡುವ ಮುಂಚೆ ಇದ್ದ ಕಾಯಿಲೆಗೆ ಸಂಬಂಧಿಸಿದ ದೊಡ್ಡ ಶಸ್ತ್ರಚಿಕಿತ್ಸೆಯನ್ನು ಸಂಸ್ಥೆ ಭರಿಸುತ್ತದೆ. ದಿನನಿತ್ಯದ ಔಷಧಿ, ಡಯಾಪರ್, ಪರೀಕ್ಷೆಗಳು ನಮ್ಮವು. ಇದಲ್ಲದೆ ವಯಸ್ಸಾದ, ಗುಣವಾಗದ ನಾಯಿಗಳಿಗೆ ಇನ್ನೊಂದು ದಾರಿಯಿದೆ: ನಾಯಿ ಕಾಗದದ ಮೇಲೆ ಸಂಸ್ಥೆಯದ್ದೇ ಆಗಿ ಉಳಿಯುತ್ತದೆ, ವೈದ್ಯಕೀಯ ಖರ್ಚನ್ನೆಲ್ಲ ಸಂಸ್ಥೆ ನೋಡಿಕೊಳ್ಳುತ್ತದೆ, ಕೊನೆಯವರೆಗೂ ಅದು ಯಾರದಾದರೂ ಮನೆಯಲ್ಲಿ ಇರುತ್ತದೆ. ಕಿಡ್ನಿ ಸೋತು ಚರ್ಮದಡಿ ಸಲೈನ್ ಕೊಡಿಸಿಕೊಳ್ಳುವ ನಾಯಿಗಳು ಹೆಚ್ಚಾಗಿ ಹೀಗೆಯೇ ಹೋಗುತ್ತವೆ. ಆರೈಕೆ ಮಾಡುವ ಮನಸ್ಸಿದ್ದು ಆಸ್ಪತ್ರೆಯ ಬಿಲ್ಲಿಗೆ ಅಂಜುವವರಿಗೆ ಈ ವ್ಯವಸ್ಥೆಯನ್ನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ, ಆದರೆ ಸಂಸ್ಥೆ ಇದನ್ನು ತನ್ನ ಮಾಹಿತಿಪತ್ರದ ಕೊನೆಯ ಮೂಲೆಯಲ್ಲಿ ಹಾಕಿರುವುದರಿಂದ ಕೇಳಿದವರಿಗಷ್ಟೇ ಗೊತ್ತಾಗುತ್ತದೆ.

ಒಪ್ಪಂದದಲ್ಲಿ ನನಗೆ ಒಪ್ಪಿಗೆಯಾಗದ ಒಂದು ಷರತ್ತಿದೆ: ದಯಾಮರಣದ ನಿರ್ಧಾರಕ್ಕೆ ಸಂಸ್ಥೆಯ ಲಿಖಿತ ಅನುಮತಿ ಬೇಕು. ಇದರ ಹಿಂದಿನ ಭಯ ಅರ್ಥವಾಗುತ್ತದೆ. ಆರೈಕೆ ಸಾಕಾಯಿತೆಂದು ನಾಯಿಯನ್ನು ಕೊಲ್ಲಿಸಿಬಿಡುವವರೂ ಇರುತ್ತಾರೆ. ಅಂಥವರನ್ನು ತಡೆಯಲು ನಾಯಿಯನ್ನು ಯಾವ ವಯಸ್ಸಿನಲ್ಲಾದರೂ, ಯಾವ ಸ್ಥಿತಿಯಲ್ಲಾದರೂ ವಾಪಸು ತೆಗೆದುಕೊಳ್ಳುವ ಷರತ್ತು ಅದೇ ಒಪ್ಪಂದದಲ್ಲಿದೆ, ಅದು ಸಾಕು. ನರಳುತ್ತಿರುವ ನಾಯಿಯ ಮುಂದೆ ವೈದ್ಯರು ಸಿದ್ಧರಿದ್ದು, ಅನುಮತಿ ಪತ್ರಕ್ಕಾಗಿ ಫೋನು ಹಿಡಿದು ಕೂರುವುದು, ಅದೂ ರಜಾ ದಿನವಾದರೆ, ಯಾರಿಗೂ ಬರಬಾರದ ಸ್ಥಿತಿ. ಅನುಮತಿಯ ಬದಲು ಅಳತೆಗೋಲೊಂದನ್ನು ಕೊಡಬಹುದು, ಮತ್ತು ಅದು ಈಗಾಗಲೇ ಕಡತದಲ್ಲಿದೆ. ಪಶುವೈದ್ಯೆ ಆ್ಯಲಿಸ್ ವಿಲ್ಲಲೋಬೋಸ್ ಅವರು ರೂಪಿಸಿದ ಬದುಕಿನ ಗುಣಮಟ್ಟದ ಮಾಪನದಲ್ಲಿ ನೋವು, ಊಟ, ನೀರಿನ ಅಂಶ, ಶುಚಿತ್ವ, ಸಂತೋಷ, ಓಡಾಟ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನಗಳು ಹೆಚ್ಚಿವೆಯೇ ಎಂಬ ಏಳು ವಿಷಯಗಳಿಗೆ ಹತ್ತರಂತೆ ಅಂಕ ಕೊಡಬೇಕು; ಸ್ಥಿತಿ ಒಳ್ಳೆಯದಿದ್ದಷ್ಟೂ ಅಂಕ ಹೆಚ್ಚು. ಒಟ್ಟು 35 ಮೀರಿದ್ದರೆ ಆರೈಕೆಯನ್ನು ಮುಂದುವರಿಸಬಹುದು ಎಂದು ಎಣಿಕೆ. ಓಡಾಟದಲ್ಲಿ ಕೆಂಚಿಗೆ ಬಂಡಿಯ ನೆರವನ್ನು ಲೆಕ್ಕಕ್ಕೆ ಹಿಡಿದೇ ಅಂಕ ಕೊಡುತ್ತೇವೆ, ಆ ಮಾಪನವೂ ಅದನ್ನು ಒಪ್ಪುತ್ತದೆ. ಮನೆಯಲ್ಲಿ ಇಬ್ಬರು ಬೇರೆ ಬೇರೆಯಾಗಿ ಅಂಕ ಹಾಕಿ ಆಮೇಲೆ ಹೋಲಿಸಿ ನೋಡುವುದು ಒಳ್ಳೆಯದು. ಪ್ರೀತಿ ಹೆಚ್ಚಿದ್ದವರು ನೋವಿಗೆ ಯಾವಾಗಲೂ ಧಾರಾಳವಾಗಿ ಅಂಕ ಕೊಟ್ಟುಬಿಡುತ್ತಾರೆ.

ಯಾರು ಈ ಸಂಸ್ಥೆಗೆ ಹೋಗಬಹುದು ಎಂದರೆ, ಮನೆಯಲ್ಲಿ ಹೊತ್ತು ಹೊತ್ತಿಗೆ ಇರುವ ಇಬ್ಬರಾದರೂ ಇದ್ದು, ಹತ್ತಿರದಲ್ಲಿ ಇಂಥ ಪ್ರಕರಣಗಳನ್ನು ನೋಡಲು ಒಪ್ಪುವ ಪಶುವೈದ್ಯರು ಸಿಗುವಂಥವರು ಖಂಡಿತ ಹೋಗಬಹುದು. ಹೊರಗೆ ದುಡಿದು ರಾತ್ರಿ ತಡವಾಗಿ ಬರುವವರಿಗೆ ಬೆನ್ನುಹುರಿಯ ನಾಯಿ ಹೊಂದುವುದಿಲ್ಲ, ಆದರೆ ಕಣ್ಣು ಕಾಣದ ಅಥವಾ ಮೂರು ಕಾಲಿನ ನಾಯಿ ಹೊಂದಬಹುದು; ಅವು ಒಗ್ಗಿಕೊಂಡ ಮೇಲೆ ಬೇರೆ ನಾಯಿಗಳಿಗಿಂತ ಹೆಚ್ಚಿನ ಆರೈಕೆಯನ್ನೇನೂ ಕೇಳುವುದಿಲ್ಲ, ಆದರೂ ಅರ್ಜಿಗಳೇ ಬರುವುದಿಲ್ಲವೆಂದು ಸಂಸ್ಥೆಯವರು ಹೇಳಿದರು. ಹೋಗುವವರು ಮೂರು ಕಾಗದಗಳನ್ನು ಮುಂಗಡವಾಗಿಯೇ ಕೇಳಿ ಪಡೆಯಿರಿ: ಇತ್ತೀಚಿನ ಕಲ್ಚರ್ ಮತ್ತು ರಕ್ತಪರೀಕ್ಷೆಯ ವರದಿ, ಔಷಧಿಗಳನ್ನು ಶುರು ಮಾಡಿದ ಮತ್ತು ನಿಲ್ಲಿಸಿದ ದಿನಾಂಕಗಳ ಪಟ್ಟಿ, ಚಿಕಿತ್ಸೆ ಮಾಡಿದ ವೈದ್ಯರ ಜೊತೆ ನೇರವಾಗಿ ಮಾತನಾಡಲು ಅನುಮತಿ. ಬಂಡಿ ಕೊಡುವುದಾದರೆ ನಿಮ್ಮ ಎದುರಿಗೇ ನಾಯಿಗೆ ಹಾಕಿ ತೋರಿಸಲಿ. ಮತ್ತು ಸಾಧ್ಯವಾದರೆ ನಾಯಿಯನ್ನು ನೋಡುವ ಮುಂಚೆಯೇ ತರಬೇತಿಯ ಒಂದು ದಿನ ಮುಗಿಸಿ, ಬೇರೊಂದು ನಾಯಿಯ ಮೇಲೆ ಕೈಯಿಟ್ಟು ಕಲಿಯಿರಿ. ಸಂಸ್ಥೆ ಇದಕ್ಕೆ ಒಪ್ಪುತ್ತದೆ, ಆದರೆ ತಾನಾಗಿ ಹೇಳುವುದಿಲ್ಲ, ನೀವೇ ಕೇಳಬೇಕು.